ಶಿವಮೊಗ್ಗದಲ್ಲಿ ಮನೆ ಬೆಲೆ ನಿಜವಾಗಿಯೂ ಏರುತ್ತಿದೆಯಾ, ಇಲ್ಲಾ ಹೇಳೋ ಬೆಲೆ ಮಾತ್ರ ಏರುತ್ತಿದೆಯಾ?

ಗೋಪಾಳದ ಬಾಡಿಗೆದಾರ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಾವು ಗೋಪಾಳದಲ್ಲಿ 6 ವರ್ಷದಿಂದ ಬಾಡಿಗೆಗೆ ಇದ್ದೇವೆ. ಎರಡು ಬೆಡ್‌ರೂಮು, ಮೊದಲನೇ ಮಹಡಿ, ತಿಂಗಳಿಗೆ 13 ಸಾವಿರ. ನನಗೆ ಮಾಚೇನಹಳ್ಳಿಯಲ್ಲಿ ಕೆಲಸ, ಹೆಂಡತಿ ನರ್ಸ್. ಊರಿನ ತೋಟ ಪಾಲಾದಾಗ ಬಂದದ್ದು, ಚೀಟಿ ದುಡ್ಡು, ಎಲ್ಲ ಸೇರಿಸಿದರೆ ಕೈಯಲ್ಲಿ 24 ಲಕ್ಷ ಇದೆ. ಉಳಿದದ್ದಕ್ಕೆ ಸಾಲವೇ ಗತಿ.

ಒಂದೂವರೆ ವರ್ಷದಿಂದ ಭಾನುವಾರ ಬಂದರೆ ಮನೆ ನೋಡುವುದೇ ಕೆಲಸ. ವಿನೋಬನಗರ, ಗಾಡಿಕೊಪ್ಪ, ಬೊಮ್ಮನಕಟ್ಟೆ, ನವುಲೆ ಎಲ್ಲ ಸುತ್ತಿದ್ದೇವೆ. ಮನಸ್ಸಿಗೆ ಹಿಡಿಸಿದ್ದು ಆಲ್ಕೊಳದ ಕಡೆಯ ಒಂದು ಮನೆ. 30-40 ಸೈಟು, ಪೂರ್ವ ದಿಕ್ಕು, ಡ್ಯೂಪ್ಲೆಕ್ಸ್. ಹೋದ ವರ್ಷ ಯುಗಾದಿ ಹೊತ್ತಿಗೆ 92 ಲಕ್ಷ ಹೇಳಿದ್ದರು. ಈಗ ಫೋನ್ ಮಾಡಿದರೆ 98 ಅನ್ನುತ್ತಾರೆ. ಆದರೆ ಗೇಟಿಗೆ ಕಟ್ಟಿದ ಬೋರ್ಡು ಅದೇ, ಬಿಸಿಲಿಗೆ ಅಕ್ಷರ ಮಾಸಿ ನಂಬರು ಓದಲಿಕ್ಕೂ ಆಗುತ್ತಿಲ್ಲ. 92ಕ್ಕೆ ಯಾರೂ ತೆಗೆದುಕೊಳ್ಳದ ಮನೆ 98 ಹೇಗಾಯಿತು ಅನ್ನುವುದೇ ನನಗೆ ಅರ್ಥ ಆಗುತ್ತಿಲ್ಲ.

ಬ್ರೋಕರ್‌ನ ಕೇಳಿದರೆ, ಸೋಗಾನೆಗೆ ವಿಮಾನ ನಿಲ್ದಾಣ ಬಂತು, ಇನ್ನು ಇಳಿಯುವ ಮಾತೇ ಇಲ್ಲ, ಈ ವರ್ಷ ಬಿಟ್ಟರೆ ಜೀವಮಾನದಲ್ಲಿ ಆಗಲ್ಲ ಅನ್ನುತ್ತಾರೆ. ನಮ್ಮಪ್ಪ ಮಾತ್ರ, ಸುಮ್ನೆ ಸೈಟು ತಗೊಂಡು ನಿಧಾನ ಕಟ್ಟು ಅನ್ನುತ್ತಾರೆ. ನಮ್ಮೂರಿನ ಮಾರುಕಟ್ಟೆ ನಿಜಕ್ಕೂ ಎತ್ತ ಹೋಗುತ್ತಿದೆ ಅಂತ ತಿಳಿದುಕೊಳ್ಳುವುದು ಹೇಗೆ? ಈಚೆಗೆ ಕೊಂಡವರು, ಮಾರಿದವರು ಇದ್ದರೆ ದಯವಿಟ್ಟು ಹೇಳಿ.

---

ನಿವೃತ್ತ ಬ್ಯಾಂಕಿನವರು:

ನಾನು ಗೃಹಸಾಲದ ವಿಭಾಗದಲ್ಲಿ 12 ವರ್ಷ ಇದ್ದೆ, ಅದರ ಮೇಲೆ ಹೇಳುತ್ತೇನೆ.

ಶಿವಮೊಗ್ಗಕ್ಕೆ ಅಂತ ಆರ್‌ಬಿಐ ಸೂಚ್ಯಂಕ ಇಲ್ಲ. ಮೂರು ತಿಂಗಳಿಗೊಮ್ಮೆ ಅವರು ಹೊರಡಿಸುವ ಮನೆ ಬೆಲೆ ಸೂಚ್ಯಂಕದಲ್ಲಿ ಬೆಂಗಳೂರು ಇದೆ, ನಮ್ಮೂರು ಇಲ್ಲ. ಹಾಗಾಗಿ "ಇಲ್ಲಿ ವರ್ಷಕ್ಕೆ ಇಷ್ಟು ಪರ್ಸೆಂಟ್ ಏರಿದೆ" ಅಂತ ಯಾರಾದರೂ ಗಟ್ಟಿಯಾಗಿ ಹೇಳಿದರೆ ಅದು ಯಾವ ಲೆಕ್ಕ ಅಂತ ಕೇಳಿ. ಬೆಂಗಳೂರಿನ ಸುದ್ದಿ ಓದಿ ಇಲ್ಲಿಯ ಬೆಲೆ ಹೇಳುವವರೇ ಜಾಸ್ತಿ.

ಒಂದೇ ಮನೆಗೆ ಬೇರೆ ಬೇರೆ ಬೆಲೆ ಇರುತ್ತವೆ. ಮಾಲೀಕರು ಹೇಳುವುದು ಒಂದು. ಕೊನೆಗೆ ಕುದುರುವುದು ಇನ್ನೊಂದು. ಕ್ರಯಪತ್ರದಲ್ಲಿ ಬರೆಸುವುದು ಮತ್ತೊಂದು. ಇದರ ಜೊತೆಗೆ ಬ್ಯಾಂಕಿನ ವ್ಯಾಲ್ಯುಯರ್ ಬಂದು ಅಳೆದು ಬರೆಯುವ ಬೆಲೆ. ನೀವು ನೋಡುತ್ತಿರುವುದು ಮೊದಲನೆಯದನ್ನು ಮಾತ್ರ. ಅದು ಏರುವುದಕ್ಕೆ ಯಾರೂ ಕೊಳ್ಳಬೇಕು ಅಂತಿಲ್ಲ, ಪಕ್ಕದ ಬೀದಿಯವರು ಜಾಸ್ತಿ ಹೇಳಿದರೆ ಸಾಕು. ನನ್ನ ಟೇಬಲ್ಲಿಗೆ ಬಂದ ಫೈಲುಗಳಲ್ಲಿ ಮಾತುಕತೆಯ ಬೆಲೆಗೂ ವ್ಯಾಲ್ಯುಯೇಷನ್‌ಗೂ ಹೊಂದದೆ ಕೊನೇ ಗಳಿಗೆಯಲ್ಲಿ ದುಡ್ಡು ಹೊಂದಿಸಲು ಒದ್ದಾಡಿದವರನ್ನು ಬೇಕಾದಷ್ಟು ನೋಡಿದ್ದೇನೆ. ಬ್ಯಾಂಕು ಸಾಲ ಕೊಡುವುದು ಎರಡರಲ್ಲಿ ಕಡಿಮೆ ಇರುವುದರ ಮೇಲೆ.

ಕೈ ಬದಲಾದ ಬೆಲೆಗೆ ಹತ್ತಿರದ ಸುಳಿವು ಇಸಿ, ಅಂದರೆ ಆಸ್ತಿಯ ಋಣಭಾರ ಪತ್ರ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಆ ಬೀದಿಯ ಈಚಿನ ಮಾರಾಟದ ಇಸಿ ತೆಗೆಸಿದರೆ ಎಷ್ಟಕ್ಕೆ ರಿಜಿಸ್ಟರ್ ಆಗಿದೆ ಅಂತ ಕಾಣುತ್ತದೆ. ಕೆಲವರು ಸರ್ಕಾರದ ಮಾರ್ಗಸೂಚಿ ಬೆಲೆಗೇ (ನೋಂದಣಿಗೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ಬೆಲೆ) ಬರೆಸಿ ಉಳಿದದ್ದನ್ನು ಕೈಯಲ್ಲಿ ಕೊಡುತ್ತಾರೆ, ಹಾಗಾಗಿ ಅದನ್ನು ತಳದ ಬೆಲೆ ಅಂದುಕೊಳ್ಳಿ. ನೀವು ಮಾತ್ರ ಆ ದಾರಿ ಹಿಡಿಯಬೇಡಿ. ಜಾಗಕ್ಕೆ ಅಡ್ವಾನ್ಸು ಅಂತ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದಾಗಿ ತೆಗೆದುಕೊಳ್ಳುವಂತೆಯೇ ಇಲ್ಲ. ಮುಂದೆ ನೀವು ಮಾರುವಾಗ ಲಾಭದ ತೆರಿಗೆ ನಿಮ್ಮ ತಲೆಗೇ ಬೀಳುತ್ತದೆ, ಯಾಕೆಂದರೆ ಪತ್ರದಲ್ಲಿ ಕೊಂಡ ಬೆಲೆ ಕಡಿಮೆ ಇರುತ್ತದಲ್ವಾ.

ಮಾರಾಟದ ಸಂಖ್ಯೆ ನೋಡಿ ಮೋಸಹೋಗಬೇಡಿ. 2023ರ ಅಕ್ಟೋಬರ್ 1ರಿಂದ ಮಾರ್ಗಸೂಚಿ ಬೆಲೆ ಏರಿತು, ಅದಕ್ಕೆ ಮುಂಚೆ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಜನ. 2024ರಲ್ಲಿ ರಿಜಿಸ್ಟರ್ ಮಾಡಲು ಇ-ಖಾತೆ, ಅಂದರೆ ಆಸ್ತಿಯ ಡಿಜಿಟಲ್ ಖಾತೆ, ಕಡ್ಡಾಯ ಮಾಡಿದರು, ಆಗ ಕಾಗದ ಸಿಗದೆ ಎಷ್ಟೋ ವ್ಯವಹಾರ ನಿಂತವು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1ರಿಂದ 2 ಪರ್ಸೆಂಟ್ ಆಯಿತು, ಅದಕ್ಕೆ ಮುಂಚಿನ ವಾರ ನನ್ನ ಪರಿಚಯದವರೇ ಇಬ್ಬರು ಓಡಾಡಿ ರಿಜಿಸ್ಟರ್ ಮಾಡಿಸಿಕೊಂಡರು. ಇದರಲ್ಲಿ ಮನೆ ಬೇಕು ಅನ್ನುವವರು ಜಾಸ್ತಿಯಾಗಿದ್ದೂ ಇಲ್ಲ, ಕಡಿಮೆಯಾಗಿದ್ದೂ ಇಲ್ಲ. ಆಗುವುದು ಹಿಂದೆ ಮುಂದೆ ಆಯಿತು ಅಷ್ಟೇ.

ಈಗ ನಿಮ್ಮ ಲೆಕ್ಕ. 98 ಲಕ್ಷದ ಮನೆಗೆ ಮುದ್ರಾಂಕ 5 ಪರ್ಸೆಂಟ್, ಅದರ ಮೇಲೆ ಸೆಸ್ಸು, ಸರ್ಚಾರ್ಜು, ಮತ್ತೆ ನೋಂದಣಿ 2, ಎಲ್ಲ ಸೇರಿ ನಗರದೊಳಗೆ 7.6 ಪರ್ಸೆಂಟ್. ಅಂದರೆ ಏಳೂವರೆ ಲಕ್ಷ. ಇದಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ಸಾಲ 30 ಲಕ್ಷ ದಾಟಿ 75 ಲಕ್ಷದವರೆಗೆ ಇದ್ದರೆ ಮನೆ ಬೆಲೆಯ 80 ಪರ್ಸೆಂಟ್, 75 ದಾಟಿದರೆ 75 ಪರ್ಸೆಂಟ್. ಹೇಗೆ ತಿರುಗಿಸಿದರೂ ನಿಮ್ಮ ಕೈಯಿಂದ 30 ಲಕ್ಷಕ್ಕೂ ಮೇಲೆ ಹೋಗುತ್ತದೆ. ನಿಮ್ಮ ಹತ್ತಿರ 24 ಇದೆ. ಮಾರುಕಟ್ಟೆ ಏನೇ ಹೇಳಲಿ, 98 ನಿಮ್ಮ ಬೆಲೆ ಅಲ್ಲ.

ಕಾಯುವುದಕ್ಕೂ ಹೆದರಬೇಡಿ. ಉದಾಹರಣೆಗೆ, 64 ಲಕ್ಷ ಸಾಲಕ್ಕೆ 8 ಪರ್ಸೆಂಟ್ ಬಡ್ಡಿ ಅಂದರೂ ಮೊದಲ ವರ್ಷದ ಬಡ್ಡಿಯೇ ಸುಮಾರು 5 ಲಕ್ಷ. ನೀವು ಕೊಡುವ ಬಾಡಿಗೆ ವರ್ಷಕ್ಕೆ 1 ಲಕ್ಷ 56 ಸಾವಿರ.

---

ಮೇಸ್ತ್ರಿ ಮಗ:

ಸರ್ ಹೇಳಿದ ಲೆಕ್ಕ ಒಪ್ಪುತ್ತೇನೆ. ಆದರೆ ಹೇಳೋ ಬೆಲೆ ಬರೀ ಗಾಳಿ ಅನ್ನುವ ಹಾಗೆ ಕೇಳಿಸಿತು, ಅದು ಪೂರ್ತಿ ಸರಿ ಅಲ್ಲ. ನಾವು ವರ್ಷಕ್ಕೆ ಮೂರು ನಾಲ್ಕು ಮನೆ ಕಟ್ಟಿ ಮಾರುವವರು. ಅಪ್ಪನ ಕಾಲದಿಂದಲೂ ಇದೇ ಕೆಲಸ.

ನಮಗೆ ಈಗ ಚದರಕ್ಕೆ, ಅಂದರೆ 100 ಚದರ ಅಡಿಗೆ, ಎರಡು ಲಕ್ಷದ ಹತ್ತಿರ ಬೀಳುತ್ತಿದೆ, ಅದೂ ಸಾಧಾರಣ ಟೈಲ್ಸು, ಸಾಧಾರಣ ಬಾಗಿಲು ಹಾಕಿದರೆ. ಹೊಳೆ ಮರಳು ಮರೆತೇಬಿಡಿ, ಎಲ್ಲ ಎಂ-ಸ್ಯಾಂಡ್. ಗಾರೆಯವರು, ಬಾರ್ ಬೆಂಡಿಂಗ್‌ನವರು ಹೊರಗಿನಿಂದಲೇ ಬರಬೇಕು, ಹಬ್ಬಕ್ಕೆ ಊರಿಗೆ ಹೋದವರು ತಿಂಗಳಾದರೂ ಬರಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗೆ ಕೆಲಸ ಕುಂಟುತ್ತದೆ. 16 ಚದರದ ಮನೆ ಅಂದರೆ 32 ಲಕ್ಷ ಕಟ್ಟಡಕ್ಕೇ ಹೋಯಿತು. ಸೈಟಿನ ಬೆಲೆ ಬೇರೆ. ಸೈಟಿಗೆ ತಂದ ದುಡ್ಡಿನ ಬಡ್ಡಿ ಬೇರೆ. ಮಾರದೆ ನಿಂತ ಮನೆಯ ಬೆಲೆಯನ್ನು ವರ್ಷಾ ವರ್ಷ ಏರಿಸುವುದು ದುರಾಸೆಗೆ ಅಲ್ಲ ಅಣ್ಣಾ, ಆ ಬಡ್ಡಿ ಸೇರಿಸಿ ಸೇರಿಸಿ ಏರಿಸುತ್ತಾರೆ. ಕೊಳ್ಳುವವರು ಅದನ್ನು ಕೊಡಬೇಕು ಅಂತ ನಾನು ಹೇಳುತ್ತಿಲ್ಲ. ಮಾಲೀಕರ ತಲೆಯಲ್ಲಿ ಏನು ಓಡುತ್ತಿದೆ ಅಂತ ಹೇಳಿದೆ.

ನಿಮ್ಮ ಆಲ್ಕೊಳದ ಮನೆ ಕಟ್ಟಿ ಮಾರುವವರದ್ದಾ, ಇಲ್ಲಾ ಯಾರೋ ವಾಸಕ್ಕೆ ಕಟ್ಟಿಕೊಂಡದ್ದಾ? ಮೊದಲು ಅದನ್ನು ತಿಳಿದುಕೊಳ್ಳಿ. ನಮ್ಮಂಥವರು ಒಂದು ಮನೆ ಹೋಗದೆ ಮುಂದಿನ ಮನೆಗೆ ಪಾಯ ತೆಗೆಯಲು ಆಗಲ್ಲ. ನಾವು ಬೇಗ ಇಳಿಯುತ್ತೇವೆ. ವಾಸಕ್ಕೆ ಕಟ್ಟಿಕೊಂಡವರು ಹಾಗಲ್ಲ, ಮಗ ಬೆಂಗಳೂರಿನಲ್ಲೋ ಹೊರದೇಶದಲ್ಲೋ ದುಡಿಯುತ್ತಿರುತ್ತಾನೆ, ದುಡ್ಡಿನ ಗಡಿಬಿಡಿ ಇಲ್ಲ, ಐದು ವರ್ಷ ಬೋರ್ಡು ಹಾಕಿಕೊಂಡೇ ಕೂರುತ್ತಾರೆ.

ಇನ್ನೊಂದು. ಎಲ್ಲ ಮನೆಯೂ ಒಂದೇ ಸ್ಟಾಕು ಅಂತ ಎಣಿಸಬೇಡಿ. ಸೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಅಪ್ರೂವಲ್ ಆದ ಬಡಾವಣೆ, ಇ-ಖಾತೆ ಕೈಯಲ್ಲಿರುವ ಮನೆ ಬಂದರೆ ಬೋರ್ಡು ಹಾಕುವ ಮುಂಚೆಯೇ ಬಾಯಿಂದ ಬಾಯಿಗೆ ಹೋಗಿಬಿಡುತ್ತದೆ. ಉಳಿದು ಬಿಸಿಲು ಕಾಯುವುದು ಅಪ್ರೂವಲ್ ಇಲ್ಲದ ಕಂದಾಯ ಸೈಟಿನ ಮನೆಗಳು, ಕಾಗದ ಪೂರ್ತಿ ಸರಿಯಿಲ್ಲದ ಬಿ ಖಾತೆಯವು, ಒಳಗೆ ಕಾರು ತಿರುಗದ ಬೀದಿಯವು. ಬೋರ್ಡು ಜಾಸ್ತಿ ಕಂಡರೆ ಒಳ್ಳೇ ಮನೆ ಜಾಸ್ತಿ ಇದೆ ಅಂತ ಅರ್ಥ ಅಲ್ಲ.

ನಿಮ್ಮಪ್ಪ ಹೇಳಿದ ಹಾಗೆ ಸೈಟು ತಗೊಂಡು ಕಟ್ಟುವುದಾದರೆ ನಿಮ್ಮಿಬ್ಬರಿಗೂ ಡ್ಯೂಟಿ ಇದೆ, ನಿಂತು ನೋಡುವವರು ಯಾರು? ಅದನ್ನು ಮೊದಲು ಯೋಚಿಸಿ.

---

ತುಂಗಾ ತೀರ:

ಮಾರಿದವರು ಹೇಳಿ ಅಂದಿದ್ದೀರಲ್ವಾ, ನಾನು ಹೇಳುತ್ತೇನೆ.

ಅಮ್ಮ ತೀರಿಕೊಂಡ ಮೇಲೆ ನಾವು ಮೂವರು ಮಕ್ಕಳು ಹಳೇ ಊರಿನ ಮನೆ ಮಾರಲು ತೀರ್ಮಾನ ಮಾಡಿದೆವು. 35 ವರ್ಷದ ಮನೆ, ಹಿತ್ತಲಲ್ಲಿ ಬಾವಿ, ಎರಡು ತೆಂಗು. ನಾವು ನಮ್ಮಷ್ಟಕ್ಕೆ 70 ಅಂದುಕೊಂಡಿದ್ದೆವು. ಒಬ್ಬ ಬ್ರೋಕರ್ ಬಂದು "ಅಕ್ಕಾ, 85ಕ್ಕೆ ಕಮ್ಮಿ ಹೇಳಲೇಬೇಡಿ" ಅಂದರು. ನಾವು ನಂಬಿದೆವು. ಮೊದಲ ಐದು ತಿಂಗಳು ಒಬ್ಬರೂ ಬೆಲೆ ಕೇಳಲಿಲ್ಲ, ಬಂದು ಬಾವಿ ನೋಡಿ, ಗೋಡೆ ತಟ್ಟಿ ಹೋಗುತ್ತಿದ್ದರು. ಆ ಬ್ರೋಕರ್ ನಮಗೆ ಹೇಳದೆಯೇ ಕೆಲವರಿಗೆ 90 ಅಂತ ಹೇಳಿದ್ದರು ಅಂತ ಆಮೇಲೆ ಗೊತ್ತಾಯಿತು. ಅಮ್ಮನ ಮನೆ ಅದು. ನಾವು ದುರಾಸೆಯವರು ಅಂತ ಬೀದಿಯಲ್ಲಿ ಮಾತಾಯಿತು, ಅದು ನನಗೆ ಬಹಳ ನೋವಾಯಿತು.

ಆಮೇಲೆ ಬೋರ್ಡು ತೆಗೆದು ನಾವೇ 72 ಅಂತ ಹೇಳಿದೆವು. ಎಂಟನೇ ತಿಂಗಳಿಗೆ ತೀರ್ಥಹಳ್ಳಿ ಕಡೆಯ ತೋಟದವರು ಬಂದರು, ಮಕ್ಕಳ ಓದಿಗೆ ಊರಲ್ಲಿ ಮನೆ ಬೇಕಿತ್ತು. 68ಕ್ಕೆ ಮುಗಿಯಿತು. ಅದು ಅಡಿಕೆ ಕೊಯ್ಲು ಮುಗಿದು ದುಡ್ಡು ಕೈಗೆ ಬರುವ ಹೊತ್ತು. ನೀವು ಬೇಕಾದರೆ ನೋಡಿ, ರಾಶಿ ಅಡಿಕೆಗೆ ಕ್ವಿಂಟಾಲಿಗೆ 50 ಸಾವಿರದ ಮೇಲೆ ನಿಂತರೆ ಜನವರಿಯಿಂದ ಅಕ್ಷಯ ತೃತೀಯದವರೆಗೆ ಶಿವಮೊಗ್ಗದಲ್ಲಿ ಮನೆ ಕೇಳುವವರು ಜಾಸ್ತಿ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ಯಾರೂ ಬರಲ್ಲ. ಕೊಳ್ಳುವವರು ನೀವಾದರೆ ಯಾರೂ ಬಾರದ ಆ ತಿಂಗಳಲ್ಲಿ ಹೋಗಿ ಮಾತಾಡಿ. ಆಷಾಢದಲ್ಲಿ ಒಬ್ಬರು ಮನಸ್ಸಿಟ್ಟು ಬಂದಿದ್ದರೆ ನಾವು 65ಕ್ಕೂ ಕೊಡುತ್ತಿದ್ದೆವೇನೋ.

ಮತ್ತೆ ಮೂವರು ಹಕ್ಕುದಾರರ ಸಹಿ, ವಂಶವೃಕ್ಷ, ಇ-ಖಾತೆ ಎಲ್ಲ ಆಗುವಷ್ಟರಲ್ಲಿ ಇನ್ನೂ ಎರಡು ತಿಂಗಳು. ಹಳೇ ಮನೆ ನೋಡುತ್ತೀರಾದರೆ ಎಷ್ಟು ಜನ ಸಹಿ ಹಾಕಬೇಕು ಅನ್ನುವುದನ್ನು ಮೊದಲ ದಿನವೇ ಕೇಳಿಬಿಡಿ.

---

ಶರಾವತಿ ಹಿನ್ನೀರು:

ಸಾಗರ ಕಡೆಯವನು. ಇದು ಶಿವಮೊಗ್ಗ ಊರಿನ ಪ್ರಶ್ನೆ ಅಂತ ಗೊತ್ತು, ಆದರೂ ವಿಮಾನ ನಿಲ್ದಾಣದ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ.

ನಮ್ಮಲ್ಲೂ ಹೀಗೇ ಆಗಿದೆ ಮಾರಾಯ್ರೇ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಯಿತು. ನಮಗೆ ಅದು ದೊಡ್ಡ ಉಪಕಾರ, ಲಾಂಚಿಗೆ ಕಾದು ಕಾದು ಬಾಣಂತಿಯರನ್ನು, ರೋಗಿಗಳನ್ನು ಆಸ್ಪತ್ರೆಗೆ ಸೇರಿಸಿದ ಕಷ್ಟ ಕಂಡವರಿಗೇ ಗೊತ್ತು. ಆದರೆ ಸೇತುವೆಗೆ ಕಂಬ ಏಳುವಾಗಲೇ ತುಮರಿ ಕಡೆ ಜಾಗದ ಬೆಲೆ ಹೇಳುವುದು ಶುರುವಾಗಿತ್ತು. ರಿಬ್ಬನ್ ಕತ್ತರಿಸುವ ಹೊತ್ತಿಗೆ ಏರುವುದೆಲ್ಲ ಮಾತಿನಲ್ಲಿ ಏರಿ ಆಗಿತ್ತು. ಸೋಗಾನೆಯದ್ದೂ ಹಾಗೇ ಅಲ್ವಾ? ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು, ಆಗಸ್ಟ್ ಕೊನೆಗೆ ವಿಮಾನ ಹಾರಿತು. ಆದದ್ದನ್ನೇ ಈಗಲೂ "ಇನ್ನು ಏರುತ್ತೆ" ಅಂತ ಹೇಳಿದರೆ ಒಂದೇ ಅಡಿಕೆಯನ್ನು ಎರಡು ಸಲ ಮಾರಿದ ಹಾಗೆ.

ಮಲೆನಾಡಿನ ಒಳಗೆ ಮನೆಯ ಮಾರುಕಟ್ಟೆ ಅಂತ ಇರುವುದೇ ಕಡಿಮೆ. ದೊಡ್ಡ ದೊಡ್ಡ ಅಂಗಳದ ಮನೆಗಳಲ್ಲಿ ವಯಸ್ಸಾದ ಇಬ್ಬರೇ ಇದ್ದಾರೆ, ಮಕ್ಕಳು ಬೆಂಗಳೂರು. ಆದರೂ ಮನೆ ಮಾರಾಟಕ್ಕೆ ಬರಲ್ಲ, ಪಾಲಾಗಿರಲ್ಲ. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಹೋಂಸ್ಟೇ ಮಾಡುತ್ತೇವೆ ಅಂತ ಕಾರು ಹತ್ತಿ ಬರುವವರಿಗೆ ಗುಂಟೆ ಲೆಕ್ಕದಲ್ಲಿ ಬೆಲೆ ಹೇಳುತ್ತಾರೆ, ಅದನ್ನು ಕೇಳಿ ಇಲ್ಲೇ ಹುಟ್ಟಿದ ಹುಡುಗ ಒಂದು ಮನೆ ಕಟ್ಟಿಕೊಳ್ಳಲು ಜಾಗ ಕೇಳಿದರೂ ಅದೇ ಬೆಲೆ. ಇದು ನನಗೆ ಸಂಕಟದ ವಿಷಯ. ಬರುವವರಿಗೂ ಹೇಳುತ್ತೇನೆ, ಬಗರ್ ಹುಕುಂ ಜಾಗ (ಅನುಮತಿ ಇಲ್ಲದೆ ಸಾಗು ಮಾಡಿದ ಸರ್ಕಾರಿ ಜಮೀನು), ಅರಣ್ಯದ ಗಡಿ, ಮುಳುಗಡೆ ಸಂತ್ರಸ್ತರಿಗೆ ಕೊಟ್ಟ ಜಾಗ, ಇವೆಲ್ಲ ಪಹಣಿ ಒಂದನ್ನೇ ನೋಡಿ ತಿಳಿಯುವ ಸಂಗತಿ ಅಲ್ಲ. ಊರಿನ ಹಿರಿಯರನ್ನು ಕೇಳಿ, ಸರ್ವೆ ಮಾಡಿಸಿ.

---

ಹೊಸಮನೆ ಹುಡುಗಿ:

ಬ್ಯಾಂಕಿನ ಸರ್‌ಗೆ ಒಂದು ಪ್ರಶ್ನೆ. 2025ರಲ್ಲಿ ರೆಪೋ ದರ (ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ) 6.5ರಿಂದ 5.25ಕ್ಕೆ ಇಳಿಯಿತಲ್ಲಾ, ಬಡ್ಡಿ ಇಳಿದರೆ ಮನೆ ಬೆಲೆ ಏರುತ್ತೆ ಅನ್ನುತ್ತಾರೆ. ಹೌದಾ?

---

ನಿವೃತ್ತ ಬ್ಯಾಂಕಿನವರು:

ಸ್ವಲ್ಪ ಮಟ್ಟಿಗೆ ಹೌದಮ್ಮ. 64 ಲಕ್ಷಕ್ಕೆ, 20 ವರ್ಷಕ್ಕೆ, 9 ಪರ್ಸೆಂಟ್ ಇದ್ದಾಗ ಕಂತು ಸುಮಾರು 57,600. 8 ಆದರೆ 53,500. ತಿಂಗಳಿಗೆ 4 ಸಾವಿರ ಉಳಿತಾಯ, ಹಾಗಾಗಿ ಜನ ಸ್ವಲ್ಪ ದೊಡ್ಡ ಸಾಲಕ್ಕೆ ಧೈರ್ಯ ಮಾಡುತ್ತಾರೆ. ಆದರೆ ಶಿವಮೊಗ್ಗದಲ್ಲಿ ಸಾಲವಿಲ್ಲದೆ ತೋಟದ ದುಡ್ಡಿಗೆ ಕೊಳ್ಳುವವರೂ ಬಹಳ ಇದ್ದಾರೆ. ಅವರಿಗೆ ರೆಪೋಗಿಂತ ಎಪಿಎಂಸಿ ಮಾರುಕಟ್ಟೆಯ ಅಡಿಕೆ ರೇಟು ಮುಖ್ಯ. ತುಂಗಾ ತೀರ ಅವರು ಬರೆದದ್ದು ಸರಿಯಾಗಿದೆ.

ಮೇಸ್ತ್ರಿ ಮಗ ಅವರು ಹೇಳಿದ್ದನ್ನೂ ಒಪ್ಪಿಕೊಂಡೆ. ಬೋರ್ಡು ಎಣಿಸುವಾಗ ಕಾಗದ ಸರಿಯಿರುವ ಮನೆ ಬೇರೆ, ಇಲ್ಲದ ಮನೆ ಬೇರೆ ಅಂತ ಎಣಿಸಬೇಕು. ನಿಮ್ಮ ಬಡಾವಣೆಯಲ್ಲಿ ಮಾರಾಟಕ್ಕಿರುವ ಮನೆಗಳನ್ನು, ತಿಂಗಳಿಗೆ ಎಷ್ಟು ಹೋಗುತ್ತವೋ ಅದರಿಂದ ಭಾಗಿಸಿ. ಎಷ್ಟು ತಿಂಗಳ ಸ್ಟಾಕು ಅಂತ ಬರುತ್ತದೆ. ಮೂರು ನಾಲ್ಕು ತಿಂಗಳು ಬಂದರೆ ಮಾಲೀಕರು ಹೇಳಿದ ಹಾಗೆ ಕೇಳಬೇಕಾಗುತ್ತದೆ. ವರ್ಷ ದಾಟಿದರೆ ಮಾತಾಡಲು ಜಾಗ ಇದೆ.

---

ಗೋಪಾಳದ ಬಾಡಿಗೆದಾರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಭಾನುವಾರ ಬಿಟ್ಟು ಬರೆಯುತ್ತಿದ್ದೇನೆ.

ನಾನು, ಹೆಂಡತಿ ಬೈಕಿನಲ್ಲಿ ಆ ಬಡಾವಣೆ ಪೂರ್ತಿ ಸುತ್ತಿದೆವು. 22 ಬೋರ್ಡು ಸಿಕ್ಕಿತು. ಎಲ್ಲರಿಗೂ ಫೋನ್ ಮಾಡಿದೆವು. ಇ-ಖಾತೆ ಇದೆ ಅಂದವರು 14. ಹಾಲಿನ ಬೂತಿನವರು, ಇಸ್ತ್ರಿಯವರು, ಇಬ್ಬರನ್ನೂ ಕೇಳಿದರೆ ಆರು ತಿಂಗಳಲ್ಲಿ ಆರು ಮನೆಗೆ ಹೊಸಬರು ಬಂದಿದ್ದಾರೆ ಅಂತ ಗೊತ್ತಾಯಿತು. ಅಂದರೆ ತಿಂಗಳಿಗೆ ಒಂದು, 14 ತಿಂಗಳ ಸ್ಟಾಕು. ಒಂದೂವರೆ ವರ್ಷ ಸುತ್ತಿದ್ದರೂ ಈ ಲೆಕ್ಕ ಹಾಕಿರಲಿಲ್ಲ.

ಡ್ಯೂಪ್ಲೆಕ್ಸ್ ಮನೆ ಕಟ್ಟಿ ಮಾರುವವರದ್ದೇ. ಅದೇ ಸಾಲಿನಲ್ಲಿ ಅವರದ್ದೇ ಇನ್ನೊಂದು ಸೈಟಿನಲ್ಲಿ ಪಾಯಕ್ಕೆ ಗುರುತು ಹಾಕಿ ಹಾಗೇ ಬಿಟ್ಟಿದ್ದಾರೆ, ಹುಲ್ಲು ಬೆಳೆದಿದೆ. ಬ್ರೋಕರ್ ಬಿಟ್ಟು ಸೀದಾ ಅವರ ಹತ್ತಿರವೇ ಹೋದೆವು. ನಮ್ಮ ಲೆಕ್ಕದ ಪ್ರಕಾರ 84ಕ್ಕೆ ಸಾಲ 67 ಲಕ್ಷ, ಕೈಯಿಂದ ರಿಜಿಸ್ಟ್ರೇಷನ್ ಸೇರಿ 23 ಲಕ್ಷದ ಚಿಲ್ಲರೆ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ನಮ್ಮಿಂದ ಆಗಲ್ಲ ಅಂತ ಹಾಗೇ ಹೇಳಿದೆವು. ಪೂರ್ತಿ ಚೆಕ್ಕು, ನಗದು ಇಲ್ಲ ಅಂತಲೂ ಹೇಳಿದೆವು. ಅವರು ಸಿಟ್ಟಾಗಲಿಲ್ಲ. ಕಾಫಿ ಕೊಟ್ಟರು. 90ಕ್ಕೆ ಬಂದು ನಿಂತಿದ್ದಾರೆ. ಅಣ್ಣನನ್ನು ಕೇಳಿ ಹೇಳುತ್ತೇನೆ ಅಂದಿದ್ದಾರೆ. ನಾವು 84ರಲ್ಲೇ ಇದ್ದೇವೆ. ಹೆಂಡತಿ ಹೇಳುತ್ತಾಳೆ, ಆಷಾಢ ಬರಲಿ ಅಂತ.

ಮೇಸ್ತ್ರಿ ಅಣ್ಣಾ, ಒಪ್ಪಿದರೆ ಮನೆ ಒಂದು ಸಲ ನೋಡಿಕೊಡುತ್ತೀರಾ?

---

ಮೇಸ್ತ್ರಿ ಮಗ:

ಖಂಡಿತ ಬರುತ್ತೇನೆ. ಆದರೆ ಈಗ ಬೇಡ. ಎರಡು ದಿನ ಬಿಡದೆ ಮಳೆ ಹೊಡೆಯಲಿ, ಮಾರನೇ ಬೆಳಿಗ್ಗೆ ಫೋನ್ ಮಾಡಿ. ಮಹಡಿ ಬಾತ್‌ರೂಮಿನ ಕೆಳಗಿನ ಸೀಲಿಂಗು, ಮೆಟ್ಟಿಲ ಹೆಡ್‌ರೂಮು, ಪಶ್ಚಿಮದ ಗೋಡೆ, ಈ ಮೂರು ನೋಡಿದರೆ ಸಾಕು. ಹೊಸದಾಗಿ ಪೇಂಟು ಹೊಡೆಸಿದ್ದರೆ ಯಾವ ಗೋಡೆಗೆ ಮಾತ್ರ ಹೊಡೆಸಿದ್ದಾರೆ ಅಂತ ಈಗಲೇ ನೋಡಿ ಇಟ್ಟುಕೊಳ್ಳಿ.